ಚಾವಡಿಗಿಂತ ಒಂದು ಗೇಣು

ಬೆಳಗಿನಿಂದ ಎಷ್ಟೋ ಜನ ಮನೆಯ ಮುಂದೆ ಹಾದುಹೋದರು, ಒಬ್ಬರಾದರೂ ತಲೆ ಎತ್ತಿ ನೋಡಲಿಲ್ಲ. ಶಾಲೆಯ ಮೇಷ್ಟ್ರು ಸೈಕಲ್ಲಿನ ಮೇಲೆ ಬಂದರು, ಮುಂದಿನ ಚಕ್ರವನ್ನೇ ನೋಡುತ್ತ ಹೋದರು. ಬಲೆ ಹೊತ್ತ ಹೆಂಗಸರು ಮನೆ ಹತ್ತಿರವಾಗುತ್ತಿದ್ದಂತೆ ಮಾತು ನಿಲ್ಲಿಸಿದರು, ದಾಟಿದ ಮೇಲೆ ಮತ್ತೆ ಶುರು ಮಾಡಿದರು. ಟೆಕೌಟು ಬಾಯಿ ತುಂಬ ಮೊಳೆ ಕಚ್ಚಿಕೊಂಡು ತನ್ನ ಆ ಮನೆಯ ನೆತ್ತಿಯ ಮೇಲೆ ಕೂತಿದ್ದ. ಬೇಕೆಂದೇ ಸುತ್ತಿಗೆಯನ್ನು ಎರಡೇಟು ಜಾಸ್ತಿ ಹೊಡೆದ. ಹೊಸ ತಗಡು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು, ಅದರ ಸದ್ದು ಒಳಕಡಲಿನ ಆಚೆ ದಡಕ್ಕೂ ಕೇಳಿಸುವಂತಿತ್ತು. ಕಿವುಡರ ಊರೇ ಇದು? ಅಡಿಪಾಯ ತೋಡಿದಾಗ ಸುಮ್ಮನಿದ್ದರು. ಮೊದಲ ಮಹಡಿ ಎದ್ದಾಗ ಸುಮ್ಮನಿದ್ದರು. ಎರಡನೆಯದು ಎದ್ದು, ಅದರ ಮೇಲೆ ನೀರಿನ ತೊಟ್ಟಿಗೆಂದು ಈ ಕಟ್ಟೆ ಎದ್ದು, ಕಟ್ಟೆಯ ನೆತ್ತಿ ಊರ ಚಾವಡಿಯ ನೆತ್ತಿಗೆ ಸಮ ಬಂದ ದಿನ ಯಾರಾದರೂ ಬಂದೇ ಬರುತ್ತಾರೆಂದು ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾದಿದ್ದ. ಯಾರೂ ಬರಲಿಲ್ಲ. ಅಂಗಿ ಬೆವರಿಗೆ ಒದ್ದೆಯಾಗಿದ್ದೇ ಬಂತು. ಈಗ ಕೊನೆಯ ತಗಡು. ಇದನ್ನು ಹೊಡೆದರೆ ಅವನ ಮನೆ ಚಾವಡಿಗಿಂತ ಒಂದು ಗೇಣು ಎತ್ತರ.

ದ್ವೀಪದಲ್ಲಿ ಚಾವಡಿಗಿಂತ ಎತ್ತರದವು ಬೇರೆ ಇರಲಿಲ್ಲವೆಂದಲ್ಲ. ಇಗರ್ಜಿಯ ಗಂಟೆಯ ಗೋಪುರವಿತ್ತು, ಅದು ದೇವರದು. ಸರ್ಕಾರಿ ಕಚೇರಿಯ ಹಿಂದೆ ಫೋನಿನ ಕಂಬವಿತ್ತು, ಅದು ಯಾರದೂ ಅಲ್ಲ. ತೆಂಗಿನ ಮರಗಳು ತಾವಾಗಿ ಬೆಳೆದವು. ಆದರೆ ಮನುಷ್ಯ ಕಟ್ಟಿ, ಮನುಷ್ಯ ವಾಸ ಮಾಡುವ ಯಾವುದೂ ಚಾವಡಿಯನ್ನು ಮೀರಬಾರದು. ಯಾರೂ ಬರೆದಿಟ್ಟ ಕಾನೂನಲ್ಲ, ಹಲ್ಲುಜ್ಜುವುದನ್ನು ಕಲಿತ ಹಾಗೆ ಎಲ್ಲರೂ ಕಲಿತದ್ದು. ಈ ದ್ವೀಪದಲ್ಲಿ ರಾಜನಿಲ್ಲ, ದೊರೆಯಿಲ್ಲ. ಇರುವುದು ಚಾವಡಿ, ಅದರೊಳಗೆ ಒಂದೊಂದು ತೊಲೆಯ ಕೆಳಗೆ ಒಂದೊಂದು ವಂಶದವರು ಕೂರುವ ಜಾಗ. ಒಳಹೋಗಬೇಕಾದರೆ ಎಂಥವನೂ ಬಗ್ಗಬೇಕು, ಅಷ್ಟು ತಗ್ಗಾಗಿ ಅದರ ಸೂರು ಇಳಿದಿರುತ್ತದೆ. ಬಗ್ಗಿ ಒಳಹೋದವನಿಗೆ ಅಪ್ಪ ಕೂತ ಜಾಗ, ಅಜ್ಜ ಕೂತ ಜಾಗ ಕಾದಿರುತ್ತದೆ. ಜಾಗ ಇಲ್ಲದವನು ಹೊರಗೆ, ಸೂರಿನಡಿ, ನಾಯಿಗಳ ಜೊತೆ.

ಟೆಕೌಟು ಇನ್ನೂ ಹುಡುಗನಾಗಿದ್ದಾಗ ಒಂದು ದಿನ, ಹೊಸ ಪಾದ್ರಿ ಬಂದಿದ್ದಕ್ಕೆ ಚಾವಡಿಯಲ್ಲಿ ಊಟ. ಅಪ್ಪ ಕೈಟಾಕೆ ಕಡಲಿನ ಕಡೆಯ ತೊಲೆಯ ಕೆಳಗೆ ಚಾಪೆ ಹಾಸಿ ಕೂತಿದ್ದ, ಮಗ ಹಿಂದೆ. ಟೆಕೌಟುವಿಗೆ ಮೀನಿನ ತಲೆಯ ಭಾಗ ಸಿಕ್ಕಿತ್ತು, ಖುಷಿಯಲ್ಲಿದ್ದ. ಎದುರಿನಿಂದ ನಬೆಟಾರಿ, ಇವತ್ತು ಊರಿಗೇ ಹಿರಿಯನಾದ, ಆಗಿನ್ನೂ ತಲೆ ನರೆಯದ ನಬೆಟಾರಿ, ಎಲ್ಲರಿಗೂ ಕೇಳುವ ಹಾಗೆ, “ಅಲ್ಲಿ ಯಾರಪ್ಪಾ ಕೂತಿರೋದು? ಗಾಳಿ ತಂದು ಹಾಕಿದ ಎಲೆನಾ?” ಎಂದ. ಇಡೀ ಚಾವಡಿ ನಕ್ಕಿತು. ಹೊಸ ಪಾದ್ರಿ ಅರ್ಥವಾಗದಿದ್ದರೂ ನಕ್ಕರು. ಅಪ್ಪನೂ ಮೊದಲು ನಗಲು ಹೋದ, ಬಾಯಿ ಅಷ್ಟು ತೆರೆದದ್ದು ಮಗನಿಗೆ ಪಕ್ಕದಿಂದ ಕಂಡಿತ್ತು, ಆಮೇಲೆ ಏನಾಯಿತೋ, ಎದ್ದು ನಿಂತ, ಚಾಪೆ ಸುತ್ತಿಕೊಂಡ. ಹೌದು, ಅವನ ಅಜ್ಜನ ಕಾಲದಲ್ಲಿ ದತ್ತು ಬಂದ ಮನೆತನ, ಅದು ಎಲ್ಲರಿಗೂ ಗೊತ್ತು, ಆದರೆ ದತ್ತು ಬಂದವನಿಗೂ ತೊಲೆ ಉಂಟು. ಅಪ್ಪ ಮಾತಾಡಬಹುದಿತ್ತು. ಮಾತಾಡಲಿಲ್ಲ. ಊರಿನ ನಗುವಿನ ನಡುವೆ ಬಗ್ಗಿ ಸೂರು ದಾಟಿದ. ಹಿಂದೆ ಟೆಕೌಟು, ಬಾಯಲ್ಲಿದ್ದ ಮೀನನ್ನು ನುಂಗಲಾರದೆ, ಉಗಿದರೆ ಇನ್ನೂ ನಗುತ್ತಾರೆಂದು ಉಗಿಯಲಾರದೆ, ಮುಳ್ಳು ಒಸಡಿಗೆ ಚುಚ್ಚಿಕೊಂಡು ಮನೆಯ ತನಕ ಹಾಗೇ ನಡೆದಿದ್ದ. ಅಪ್ಪ ಮತ್ತೆ ಒಳಗೆ ಕಾಲಿಡಲಿಲ್ಲ. ಚಾವಡಿಯ ಮುಂದೆ ಹಾದುಹೋಗುವುದು ತಪ್ಪಿಸಲು ಕೆಸರಿನ ದಾರಿ ಹಿಡಿದು ನಡೆದೂ ನಡೆದೂ ಅವನ ಕಾಲಿನ ಹುಣ್ಣು ವಾಸಿಯಾಗಲಿಲ್ಲ, ಅದರಲ್ಲೇ ಸತ್ತ.

ಟೆಕೌಟು ಜರ್ಮನ್ನರ ಹಡಗಿನಲ್ಲಿ ಕೂದಲು ಉದುರುವ ತನಕ ದುಡಿದ. ಹ್ಯಾಂಬರ್ಗಿನಲ್ಲಿ, ಸಿಂಗಪುರದಲ್ಲಿ, ಹೆಸರು ಮರೆತ ಬಂದರುಗಳಲ್ಲಿ ಜೊತೆಯವರು ಕುಡಿಯಲು ಹೋದರೆ ಅವನು ಕಟ್ಟಡಗಳ ಕೆಳಗೆ ಕತ್ತು ನೋಯುವವರೆಗೆ ನಿಂತಿರುತ್ತಿದ್ದ. ಇದರ ಮೇಲಿಂದ ನಬೆಟಾರಿಯ ಬೋಳು ನೆತ್ತಿ ಎಷ್ಟು ಸಣ್ಣಗೆ ಕಾಣಬಹುದು? ಅಷ್ಟೇ ಅವನ ಲೆಕ್ಕ. ಊರಿಗೆ ಮರಳಿ ಕಟ್ಟಲು ಶುರು ಮಾಡಿದಾಗ ನೀರಿಗಾಗಿ ಎಂದ, ಗಾಳಿಗಾಗಿ ಎಂದ, ಕಡಲು ಉಕ್ಕಿದರೆ ಬೇಕಾಗುತ್ತದೆ ಎಂದ. ಹೆಂಡತಿ ಟೆರಾಕ ನಂಬಿದ ಹಾಗೆ ನಟಿಸುವ ಗೋಜಿಗೂ ಹೋಗಲಿಲ್ಲ.

ಇವತ್ತು ಬೆಳಿಗ್ಗೆಯೂ ಆಯಿತು ಆ ಮಾತು. ಚಾವಡಿಯ ಹಳೆಯ ಗರಿ ತೆಗೆದು ಹೊಸ ಗರಿ ಹೊದಿಸುವ ವಾರ. ಊರಿನ ಹೆಂಗಸರೆಲ್ಲ ಕೂತು ಕೇದಗೆ ಗರಿ ಹೊಲಿದಿದ್ದರು, ಟೆರಾಕಳೂ ಹೊಲಿದಿದ್ದಳು, ಸೂರಿನ ಹೊರಗೆ ಕೂತು. ಅವಳು ಪಕ್ಕದ ದ್ವೀಪದವಳು. ಗಂಡನ ಜಾಗದ ಹಿಂದೆ ಹೆಂಡತಿಯ ಜಾಗ. ಗಂಡನಿಗೇ ಇಲ್ಲವೆಂದ ಮೇಲೆ ಅವಳಿಗೆಲ್ಲಿಂದ ಬರಬೇಕು? ಈ ಊರಿಗೆ ಬಂದ ಮೇಲೆ ಅವಳು ಅದೆಷ್ಟು ಊಟಗಳಿಗೆ ಕೆಸುವಿನ ಗಡ್ಡೆ ಬೇಯಿಸಿ ಕೊಟ್ಟು, ಹೊರಗೆ ಕೂತು ತಿಂದಿದ್ದಳೋ.

“ಸಂಜೆ ಊಟ ಇದೆ,” ಎಂದಳು, ಒಳಕಡಲಿನ ಮರಳಿನಲ್ಲಿ ಮರುವಾಯಿ ಚಿಪ್ಪು ಹೆಕ್ಕಲು ಬುಟ್ಟಿ ತೆಗೆದುಕೊಳ್ಳುತ್ತ. “ಗರಿ ಹೊದಿಸೋದು ಮುಗಿಯುತ್ತೆ. ಒಂದ್ಸಲ ಹೋಗಿ ಆ ನಬೆಟಾರಿ ಮುದುಕನ ಹತ್ರ ಮಾತಾಡು. ನಿನ್ನ ನಾಲಿಗೆ ಏನು ಸವೆದುಹೋಗಲ್ಲ.”

“ಅವನೇ ಬರ್ಲಿ.”

“ಬರ್ತಾನೆ, ಬರ್ತಾನೆ. ನಿನ್ನ ತಗಡು ನೋಡಿ ಹೆದರಿ ಓಡಿ ಬರ್ತಾನೆ.”

“ಸಂಜೆ ನೋಡ್ತಿರು.”

“ನಾನು ನೋಡಿದ್ದೆಲ್ಲ ಆಯ್ತು ಮಾರಾಯ. ನಿಂಗೆ ಎತ್ತರ ಬೇಕು, ನಂಗೆ ಕೂರೋಕೆ ಒಂದು ಚಾಪೆ ಜಾಗ ಬೇಕು. ಸತ್ತ ಮೇಲೂ ನನ್ನನ್ನ ಸೂರಿನ ಹೊರಗೇ ಇಟ್ಟು ಅಳ್ತಾರೇನೋ.” ಬುಟ್ಟಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೋದಳು. ಅವಳೂ ಮೇಲೆ ನೋಡಲಿಲ್ಲ.

ಕೊನೆಯ ತಗಡಿನ ಕೊನೆಯ ಮೊಳೆ ಹೊಡೆಯುವಾಗ ಕೆಳಗೆ ಕೆಮ್ಮಿದ ಸದ್ದಾಯಿತು. ನಬೆಟಾರಿ. ಒಬ್ಬನೇ. ಮನೆಯ ಮುಂದಿನ ಜಗಲಿಯ ಮೇಲೆ, ಕರೆಯದೆ, ತನ್ನದೇ ಎನ್ನುವ ಹಾಗೆ ಕೂತು ಮಂಡಿ ತಿಕ್ಕಿಕೊಳ್ಳುತ್ತಿದ್ದ. ಟೆಕೌಟು ಸುತ್ತಿಗೆ ಹಿಡಿದೇ ಎದ್ದ. ಬಂದ! ಇಷ್ಟು ವರ್ಷ ಇದಕ್ಕೇ ಕಾದದ್ದು. ಅವಸರ ಮಾಡಬಾರದೆಂದುಕೊಂಡು ಅವಸರವಾಗಿಯೇ ಏಣಿ ಇಳಿದ. ಎರಡು ಏಣಿ ಸೇರಿಸಿ ನಾರಿನ ಹಗ್ಗದಿಂದ ಬಿಗಿದ ಉದ್ದದ ಏಣಿ ಅದು, ಮೆಟ್ಟಿಲು ಇನ್ನೂ ಕಟ್ಟಿರಲಿಲ್ಲ. ನೀರಾ ತಂದು ಕೊಟ್ಟ, ಅದು ಕೊಡಲೇಬೇಕಾದದ್ದು. ಮುದುಕ ಕುಡಿದು ಬಾಯಿ ಒರೆಸಿಕೊಂಡು, “ಒಂದು ಬುಬುಸಿ ಇತ್ತು ಕಣೋ ಮಗ,” ಎಂದ.

ಬುಬುಸಿ! ಈ ದ್ವೀಪದಲ್ಲಿ ಒಬ್ಬ ಇನ್ನೊಬ್ಬನ ಮುಂದೆ ಕೂತು ಆ ಮಾತೆತ್ತಿ ಏನನ್ನೇ ಬೇಡಿದರೂ ಇಲ್ಲವೆನ್ನುವ ಹಾಗಿಲ್ಲ. ದೋಣಿ ಕೇಳಿದರೆ ದೋಣಿ, ಮೈಮೇಲಿನ ಅಂಗಿ ಕೇಳಿದರೆ ಅಂಗಿ. ಇಲ್ಲವೆಂದ ಮನುಷ್ಯನ ಹೆಸರನ್ನು ಯಾರೂ ನೆನಪಿಡುವುದೂ ಇಲ್ಲ, ಅವನ ಸುದ್ದಿ ಎತ್ತುವುದೇ ನಾಚಿಕೆ. ಮುದುಕ ಗಟ್ಟಿಗ, ಎಂದುಕೊಂಡ ಟೆಕೌಟು. ಮನೆ ತಗ್ಗಿಸು ಅಂತ ಜಗಳ ಮಾಡುವುದು ಬಿಟ್ಟು ಬೇಡಲು ಬಂದಿದ್ದಾನೆ. ಬೇಡಲಿ. ಇಲ್ಲ ಎನ್ನುತ್ತೇನೆ. ಆ ಒಂದು ಶಬ್ದವನ್ನು ಎಷ್ಟೋ ಸಲ ಹಡಗಿನ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಹೇಳಿ ನೋಡಿದ್ದ.

“ಹೇಳಿ ತಾತ.”

“ನಂಗೆ ನಿನ್ನ ಮನೆ ಮೇಲೆ ಹತ್ತಬೇಕು.”

“ಯಾಕೆ?”

“ಚಾವಡಿ ನೆತ್ತಿ ಮುಚ್ಚೋದು ನನ್ನ ವಂಶದ ಕೆಲಸ ಅಲ್ವೇನೋ. ಈಗಿನವು ಹತ್ತಿ, ಎಲ್ಲ ಸರಿಯಾಗಿದೆ ತಾತ, ಬರೀ ಪಕ್ಕ ಹೊದಿಸಿದ್ರೆ ಸಾಕು ಅಂತಾವೆ. ಸೋಮಾರಿ ನನ್ಮಕ್ಕಳು. ಆ ಗರಿ ಮೇಲೆ ಹತ್ತೋಕೆ ನನ್ನ ಮಂಡಿ ಕೇಳಲ್ಲ. ನಿನ್ನ ಮನೆ ಮೇಲಿಂದ ಕಾಣುತ್ತಲ್ಲ, ಒಳ್ಳೇದೇ ಆಯ್ತು.”

ಒಳ್ಳೆಯದೇ ಆಯಿತಂತೆ! ಅವನ ಇಡೀ ಜನ್ಮದ ಸಿಟ್ಟು ಈ ಮುದುಕನಿಗೆ ನಿಂತು ಇಣುಕಲು ಅನುಕೂಲವಾದ ಒಂದು ಮಣೆ. ಸಿದ್ಧ ಮಾಡಿಟ್ಟುಕೊಂಡಿದ್ದ ಶಬ್ದ ನಾಲಿಗೆಯಲ್ಲೇ ಉಳಿಯಿತು. ಇಂಥ ಸಣ್ಣ ವಿಷಯಕ್ಕೆ ಅದನ್ನು ಖರ್ಚು ಮಾಡುವುದು ಹೇಗೆ? “ಹತ್ತಿ,” ಎಂದ.

ಮುದುಕ ಮುಂದೆ, ಅವನು ಹಿಂದೆ. “ತೆಂಗಿನ ಮರ ಹತ್ತಿದ ಕಾಲು ಕಣೋ ಇದು, ಏಣಿ ಏನು ಮಹಾ,” ಎನ್ನುತ್ತ ನಬೆಟಾರಿ ಪ್ರತಿ ಹಂತಕ್ಕೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಅವನ ಬಿರಿದ ಹಿಮ್ಮಡಿ ಟೆಕೌಟುವಿನ ಮೂಗಿನ ಮುಂದೆ ನಡುಗುತ್ತಿತ್ತು. ಕೊಬ್ಬರಿ ಎಣ್ಣೆಯ ವಾಸನೆ. ಒಂದು ಕೈ ಹಾಕಿ ಎಳೆದರೆ ಸಾಕು. ಹಗ್ಗ ಸಡಿಲವಿತ್ತು, ವಯಸ್ಸಾಗಿತ್ತು, ಬೇಡವೆಂದರೂ ಕೇಳಲಿಲ್ಲ, ಎಂದುಬಿಡಬಹುದು. ಅಪ್ಪನ ಕಾಲು ಹೀಗೇ ಇತ್ತು ಕೊನೆಗೆ, ಇದಕ್ಕಿಂತ ಊದಿತ್ತು, ಅದನ್ನು ತೊಳೆಯುವಾಗ ಅಪ್ಪ ಮುಖ ತಿರುಗಿಸಿಕೊಳ್ಳುತ್ತಿದ್ದ. ಮುದುಕನ ಕಾಲು ಜಾರಿತು. ಟೆಕೌಟು ತಟ್ಟನೆ ಅಂಗೈಯೊಡ್ಡಿ ಹಿಮ್ಮಡಿಯನ್ನು ಎತ್ತಿ ಹಿಡಿದ, ಹಿಡಿದದ್ದಕ್ಕೆ ತನ್ನ ಮೇಲೇ ರೇಗಿತು.

ಮೇಲೆ ನಬೆಟಾರಿ ನಿಲ್ಲಲಿಲ್ಲ. ಕುಕ್ಕರುಗಾಲಿನಲ್ಲಿ ತಲೆ ತಗ್ಗಿಸಿಕೊಂಡೇ ಅಂಚಿಗೆ ಸರಿದು, ಮಂಡಿ ಕೆಟ್ಟಂದಿನಿಂದ ಕೆಳಗಿನಿಂದಲೇ ನೋಡುತ್ತಿದ್ದ ಚಾವಡಿಯ ನೆತ್ತಿಯನ್ನು ಎಷ್ಟೋ ವರ್ಷಗಳ ಮೇಲೆ ಎದುರಿಗೆ ನೋಡಿದ. “ಕೊಳೆತಿದೆ,” ಎಂದ ಆಮೇಲೆ, ಸಣ್ಣ ದನಿಯಲ್ಲಿ. “ಪೂರ್ತಿ ಕೊಳೆತಿದೆ. ನಾನು ಕೆಳಗೆ ಕೂತು ಊರಿಗೆಲ್ಲ ಬುದ್ಧಿ ಹೇಳ್ತಿದ್ದೆ, ಇದು ಮೇಲೆ ಕೊಳೀತಿತ್ತು.” ಕಣ್ಣೊರೆಸಿಕೊಂಡ. ಟೆಕೌಟುವಿಗೆ ಸಂತೋಷವಾಯಿತು. ಈಗ ಹೇಳಬೇಕು, ಈಗ ಎತ್ತಬೇಕು ಮಾತು ಎನ್ನುವಷ್ಟರಲ್ಲಿ ಮುದುಕನೇ ಎತ್ತಿದ. “ನಿನ್ನಪ್ಪ ಕೈಟಾಕೆ ಇದ್ದಿದ್ರೆ ಹೀಗಾಗ್ತಿರಲಿಲ್ಲ. ಅವನ ಕೈಯಲ್ಲಿ ಕಟ್ಟಿದ ಹಗ್ಗ ಬಿಚ್ಚೋಕೆ ಕತ್ತೀನೇ ಬೇಕಿತ್ತು. ಯಾಕೋ ಬರೋದೇ ಬಿಟ್ಟ ಮಾರಾಯ. ಏನು ಜಂಬವೋ.”

“ಜಂಬ?”

“ಮತ್ತಿನ್ನೇನು? ಜಾಗ ಖಾಲಿ ಬಿದ್ದಿದೆ, ಇವತ್ತಿಗೂ ಯಾರೂ ಕೂತಿಲ್ಲ.”

“ನೀವು ಎಬ್ಬಿಸಿದ್ರಿ ಅಪ್ಪನ್ನ. ಎಲ್ಲರ ಮುಂದೆ. ಗಾಳಿ ತಂದ ಎಲೆ ಅಂದ್ರಿ.”

ಮುದುಕ ಅವನ ಮುಖವನ್ನೇ ನೋಡಿದ. ಹುಡುಕಿದ, ನಿಜವಾಗಿಯೂ ಹುಡುಕಿದ. ಹಣೆ ಗಂಟಿಕ್ಕಿತು, ತುಟಿ ಅಲ್ಲಾಡಿತು, ಏನೂ ಸಿಗಲಿಲ್ಲ. “ಅಂದಿರಬೌದು ಕಣೋ. ಆಗ ನನ್ನ ಬಾಯಿ ಹಂಗಿತ್ತು. ಯಾರನ್ನ ಬಿಟ್ಟೆ ನಾನು? ಪಾದ್ರಿಗಳನ್ನೂ ಬಿಡ್ಲಿಲ್ಲ. ಅವರೂ ತಿರುಗಿ ಏನಾದ್ರೂ ಅಂತಿದ್ರು, ನಗ್ತಿದ್ವಿ, ಕೂತ್ಕೋತಿದ್ವಿ.” ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ತಮಾಷೆಗೆ ಯಾರಾದ್ರೂ ಎದ್ದು ಹೋಗ್ತಾರೇನೋ?”

ಮರೆತಿದ್ದ. ಸುಳ್ಳು ಹೇಳುತ್ತಿದ್ದರೆ ಒಳ್ಳೆಯದಿತ್ತು, ಸುಳ್ಳನ್ನು ಹಿಡಿದು ಅಲ್ಲಾಡಿಸಬಹುದಿತ್ತು. ನಿಜವಾಗಿಯೂ ಮರೆತಿದ್ದ. ಆ ಒಸಡಿನ ಮುಳ್ಳು, ಕೆಸರಿನ ದಾರಿ, ಊದಿದ ಕಾಲು, ಬಂದರುಗಳು, ಸಿಮೆಂಟಿನ ಒಂದೊಂದು ಇಟ್ಟಿಗೆ, ಎಲ್ಲಕ್ಕೂ ತಳದಲ್ಲಿದ್ದದ್ದು ಈ ಮನುಷ್ಯನಿಗೆ ನೆನಪೇ ಇಲ್ಲದ ಒಂದು ನಗೆಚಾಟಿಕೆ. ಅಪ್ಪ ಒಂದು ಮಾತು ತಿರುಗಿಸಿ ಆಡಿ ನಕ್ಕಿದ್ದರೆ ಮುಗಿದುಹೋಗುತ್ತಿತ್ತಂತೆ. ಹಾಗಾದರೆ ಪೆದ್ದ ಯಾರು? ಅಪ್ಪನೇ? ಆ ಯೋಚನೆ ಬಂದದ್ದೇ ಟೆಕೌಟುವಿಗೆ ನಬೆಟಾರಿಯ ಮೇಲೆ ಹಿಂದೆಂದೂ ಇಲ್ಲದಷ್ಟು ದ್ವೇಷ ಹುಟ್ಟಿತು. ಅಪ್ಪನನ್ನು ಎರಡನೆಯ ಸಲ, ಅದೂ ಮಗನ ಮನಸ್ಸಿನೊಳಗೇ ಎಬ್ಬಿಸಿಬಿಟ್ಟನಲ್ಲ! “ಕೂತಿರಿ ತಾತ, ನೀರು ತರ್ತೀನಿ,” ಎಂದ. ದನಿ ತನಗೇ ಗುರುತು ಸಿಗದಷ್ಟು ಮೃದುವಾಗಿತ್ತು. ಇಳಿದ. ಏಣಿಯನ್ನು ಗೋಡೆಯಿಂದ ಕಿತ್ತು, ನೆಲಕ್ಕೆ ಮಲಗಿಸಿ, ಅದರ ಮೇಲೆ ಕೂತುಕೊಂಡ.

ಈಗ ನೋಡಲಿ ಊರು. ಯಾರೂ ಯಾರಿಗಿಂತ ಮೇಲಲ್ಲವೆಂದು ಜೀವಮಾನವಿಡೀ ಉಪದೇಶ ಮಾಡಿದವನು, ಹುಡುಗರು ಚಾವಡಿಯ ಹತ್ತಿರದ ಮರ ಹತ್ತಿದರೂ ಕಲ್ಲೆಸೆದು ಇಳಿಸುತ್ತಿದ್ದವನು, ಚಾವಡಿಯ ನೆತ್ತಿಗಿಂತ ಒಂದು ಗೇಣು ಮೇಲೆ, ಹೊಳೆಯುವ ತಗಡಿನ ಪಕ್ಕ, ಹಕ್ಕಿಯ ಹಾಗೆ ಕೂತಿದ್ದಾನೆ. ಮೊದಲು ಕಂಡದ್ದು ಒಂದು ಮಗುವಿಗೆ. ಅದು ಬೆರಳು ತೋರಿಸಿತು. ತಾಯಿ ಮೇಲೆ ನೋಡಿದಳು. ಟೆಕೌಟು ಅವಳ ಮುಖವನ್ನು ಹಸಿದವನ ಹಾಗೆ ನೋಡಿದ. ಅವಳು ಮಗುವಿನ ಗಲ್ಲ ಹಿಡಿದು ಮುಖವನ್ನು ಕೆಳಗೆ ತಿರುಗಿಸಿದಳು, ತಾನೂ ತಲೆ ತಗ್ಗಿಸಿದಳು. ಮಾತು ಚಾವಡಿಗೆ ಮುಟ್ಟಿರಬೇಕು, ಗರಿ ಕಟ್ಟುವ ಸದ್ದು ನಿಂತಿತು. ಗಂಡಸರು ಬಂದರು, ಹೆಂಗಸರು ಬಂದರು. ಯಾರೂ ಬಯ್ಯಲಿಲ್ಲ, ಯಾರೂ ಏಣಿ ಕೇಳಲಿಲ್ಲ. ಬಂದವರು ಬಂದವರು ರಸ್ತೆಯ ಮೇಲೆ, ಮನೆಗೆ ಬೆನ್ನು ಮಾಡಿ ಕೂತರು. ನೋಡಿದರೆ ಮುದುಕನಿಗೆ ನಾಚಿಕೆಯಾಗುತ್ತದಲ್ಲ. ಊರಿನ ಅಷ್ಟೂ ಬೆನ್ನುಗಳು ಸಾಲಾಗಿ ಅವನ ಮುಂದೆ. ಆಗ ಟೆಕೌಟುವಿಗೆ ಹೊಳೆಯಿತು. ಇಷ್ಟು ತಿಂಗಳು ಅವನ ಮನೆಯ ಮುಂದೆ ತಲೆ ತಗ್ಗಿಸಿ ಹೋದದ್ದೂ ಇದಕ್ಕೇ. ತಾತ್ಸಾರವಲ್ಲ, ಹೆದರಿಕೆಯಲ್ಲ, ಮಾನ ಕಳೆದುಕೊಂಡವನನ್ನು ನೋಡಬಾರದೆಂಬ ಮರ್ಯಾದೆ. ಇಡೀ ಊರು ಅವನ ಮೇಲೆ ಕನಿಕರ ಪಟ್ಟಿತ್ತು. ಮೇಷ್ಟ್ರು, ಬಲೆಯ ಹೆಂಗಸರು, ಹೆಂಡತಿ ಕೂಡ. ಇದಕ್ಕಿಂತ ಕಲ್ಲು ಹೊಡೆದಿದ್ದರೆ ವಾಸಿಯಿತ್ತು ಅನಿಸಿತು.

ಟೆರಾಕ ಬಂದಳು, ಲುಂಗಿ ಮೊಣಕಾಲ ತನಕ ಒದ್ದೆ, ಬುಟ್ಟಿಯ ತುಂಬ ಮರುವಾಯಿ. ಬೆನ್ನುಗಳನ್ನು ನೋಡಿದಳು, ಮೇಲೆ ನೋಡಿದಳು, ಏಣಿಯ ಮೇಲೆ ಕೂತ ಗಂಡನನ್ನು ನೋಡಿದಳು. ಅವಳು ಬಯ್ಯುತ್ತಾಳೆ, ಬಯ್ದರೆ ಏಣಿ ಎತ್ತಿ ಇಡಬಹುದು ಎಂದು ಅವನು ಕಾದ. ಅವಳು ಬುಟ್ಟಿ ಇಳಿಸಿ, ಹೆಂಗಸರ ಸಾಲಿನ ತುದಿಯಲ್ಲಿ, ಅವನಿಗೆ ಬೆನ್ನು ಮಾಡಿ ಕೂತಳು.

ಬಿಸಿಲು ಇಳಿಯುವ ಹೊತ್ತಿಗೆ ಮೇಲಿನಿಂದ ನೀರು ಗೋಡೆಯ ಮೇಲೆ ಒಂದು ಗೆರೆಯಾಗಿ ಇಳಿದು ಬಂತು. ಹೊಸ ಸಿಮೆಂಟು ಅದನ್ನು ಕುಡಿಯಿತು. ಟೆಕೌಟು ಒಬ್ಬನೇ ತಲೆ ಎತ್ತಿ ನೋಡಿದ. ನಬೆಟಾರಿ ಒದ್ದೆಯಾದ ಲುಂಗಿಯನ್ನು ತೊಡೆಯ ನಡುವೆ ಮುದುಡಿಕೊಂಡು, ಎರಡೂ ಕೈಯಲ್ಲಿ ಅಂಚು ಹಿಡಿದಿದ್ದ. ನಗು ಇರಲಿಲ್ಲ. ಇದನ್ನೇ ಅಲ್ಲವೇ ಬೇಡಿಕೊಂಡದ್ದು? ಇಷ್ಟೇ ಸಣ್ಣ ಮುಖ, ಇಷ್ಟೇ ಅವಮಾನ. ಸಿಕ್ಕಿತು. ಸಿಕ್ಕಿದ್ದು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಇನ್ನಷ್ಟು ಬೇಕೆನಿಸುತ್ತಿತ್ತು.

“ಟೆಕೌಟು,” ಎಂದ ಮುದುಕ. ದನಿ ಗಟ್ಟಿಯಾಗಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. “ನಂದೊಂದು ಬುಬುಸಿ. ಏಣಿ ಕೊಡು ಮಗ.”

ಬೆನ್ನುಗಳು ಬಿಗಿಯಾದವು. ಗಾಳಿಗೆ ತಗಡು ಒಮ್ಮೆ ಕಿರಗುಟ್ಟಿತು. ಎದ್ದು ಏಣಿ ಆನಿಸಿದರೆ ಸಾಕು, ಎಲ್ಲವೂ ಒಂದು ಒರಟು ತಮಾಷೆಯಾಗಿ ಹೋಗುತ್ತದೆ, ಸಂಜೆ ಊಟಕ್ಕೆ ಎಲ್ಲರೂ ನಗುತ್ತಾರೆ, ಅಪ್ಪನ ಜಾಗ ಖಾಲಿಯಿದೆ. ಟೆಕೌಟುವಿಗೆ ಅದೆಲ್ಲ ಸ್ಪಷ್ಟವಾಗಿ ಕಂಡಿತು. ಆ ನಗು ಕೂಡ ಕಿವಿಯಲ್ಲಿ ಕೇಳಿಸಿತು. ಕೇಳಿಸಿದ್ದರಿಂದಲೇ ಬಾಯಿ ತೆರೆಯಿತು.

“ಇಲ್ಲ,” ಎಂದ.

ಒಬ್ಬರೂ ತಿರುಗಲಿಲ್ಲ. ಒಬ್ಬ ಹೆಂಗಸು ಮಗುವಿನ ಕಿವಿ ಮುಚ್ಚಿದಳು. ಟೆರಾಕ ಎದ್ದಳು. ಅವನ ಹತ್ತಿರ ಬಂದು ನಿಂತಳು. ಅವನು ಏಣಿಯ ಮೇಲಿಂದ ಯಾಕೆ ಎದ್ದನೋ ಅವನಿಗೇ ತಿಳಿಯಲಿಲ್ಲ. ಅವಳು ಒಬ್ಬಳೇ ಆ ಉದ್ದದ ಏಣಿಯನ್ನು ಎತ್ತಿ, ಎರಡು ಸಲ ಜಾರಿಸಿ, ಮೂರನೆಯ ಸಲ ಗೋಡೆಗೆ ಆನಿಸಿ ಹತ್ತಿದಳು. ಮೇಲೆ ತನ್ನ ಹೆಗಲಿನ ಒಣ ಬಟ್ಟೆಯನ್ನು ಮುದುಕನ ಸೊಂಟಕ್ಕೆ ಸುತ್ತಿದಳು. “ನಿಧಾನ ತಾತ, ನನ್ನ ಭುಜದ ಮೇಲೆ ಕಾಲಿಡಿ. ಇಡಿ ಪರವಾಗಿಲ್ಲ, ಭಾರ ಹೊತ್ತು ಅಭ್ಯಾಸ ಇದೆ,” ಎನ್ನುತ್ತ ಒಂದೊಂದೇ ಹಂತ ಇಳಿಸಿಕೊಂಡು ಬಂದಳು. ನೆಲ ಮುಟ್ಟಿದ ಮೇಲೆ ನಬೆಟಾರಿ ಟೆಕೌಟುವಿನ ಕಡೆ ನೋಡಲಿಲ್ಲ. ಟೆರಾಕಳ ಮೊಣಕೈ ಹಿಡಿದು, “ಬಾ ಮಗಳೇ. ನೆತ್ತಿ ಬಿಚ್ಚೋದಿದೆ, ಹೊತ್ತಾಯ್ತು,” ಎಂದ. ಊರು ಎದ್ದು ಅವರ ಹಿಂದೆ ನಡೆಯಿತು. ಬುಟ್ಟಿಯನ್ನು ಯಾರೋ ಎತ್ತಿಕೊಂಡರು.

ರಸ್ತೆ ಖಾಲಿಯಾಯಿತು. ಮಾಡಲು ಏನೂ ತೋಚದೆ, ಕೆಲಸ ಬಾಕಿಯಿದ್ದವನಂತೆ ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಟೆಕೌಟು ಏಣಿ ಹತ್ತಿದ. ದ್ವೀಪವೆಲ್ಲ ಕಾಣುತ್ತಿತ್ತು. ಆಚೆ ಹೊರಕಡಲು, ಈಚೆ ಒಳಕಡಲು, ನಡುವೆ ಇಷ್ಟೇ ಇಷ್ಟು ನೆಲ, ಕೆಳಗೆ ಚಾವಡಿ. ಜನ ಒಬ್ಬೊಬ್ಬರಾಗಿ ಬಗ್ಗಿ ಸೂರಿನ ಕೆಳಗೆ ಹೋಗುತ್ತಿದ್ದರು. ನಬೆಟಾರಿ ಬಗ್ಗಿದ. ಟೆರಾಕ ಸೂರಿನ ಹೊರಗೆ, ಎಂದಿನ ಜಾಗದಲ್ಲಿ, ಒಂದು ಕ್ಷಣ ನಿಂತಳು. ಒಳಗಿನಿಂದ ಯಾರೋ ಕೈ ಚಾಚಿದರು. ಅವಳು ಲುಂಗಿ ಎತ್ತಿ ಕಟ್ಟಿಕೊಂಡು, ಬಗ್ಗಿ, ಒಳಗೆ ಹೋದಳು. ಟೆಕೌಟು ಅಂಚಿನ ತನಕ ಸರಿದು ಕತ್ತು ಚಾಚಿದ. ಚಾವಣಿಯೊಂದೇ ಇತ್ತು, ಹೊಸ ಗರಿ, ನಡುವೆ ಕೊಳೆತ ನೆತ್ತಿ. ಅವಳನ್ನು ಯಾವ ತೊಲೆಯ ಕೆಳಗೆ ಕೂರಿಸಿದರೆಂದು ಮೇಲಿನಿಂದ ಕಾಣುವ ಹಾಗಿರಲಿಲ್ಲ.